ದೇವಸ್ಥಾನವಿಲ್ಲದ ಕಡಲತೀರ

ನಗರ್ತಪೇಟೆಯಲ್ಲಿ ನಮ್ಮದು ಮದುವೆ ಸಾಮಾನಿನ ಅಂಗಡಿ. ಬಾಸಿಂಗ, ಪೇಟ, ಜರಿ ಹಾರ, ಎಲ್ಲ ಸಿಗುತ್ತದೆ. ಆಷಾಢ ಬಂತೆಂದರೆ ಮದುವೆಗಳು ನಿಲ್ಲುತ್ತವೆ, ಅಂಗಡಿ ಭಣಗುಟ್ಟುತ್ತದೆ. ಪ್ರತಿವರ್ಷ ಆ ದಿನಗಳಲ್ಲಿ ಕಪಾಟುಗಳ ದೂಳು ಒರೆಸುತ್ತ ಕೂರುತ್ತಿದ್ದ ನನ್ನ ಗಂಡ, ಹೋದ ವರ್ಷ ಒಂದು ಭಾನುವಾರ ತಿಂಡಿ ತಿನ್ನುತ್ತಲೇ, "ಈ ಸಲ ಒಂದ್ ವಾರ ಬಾಗಿಲು ಹಾಕ್ಬಿಡೋಣ. ಯಾವ್ದಾದ್ರೂ ಬೀಚ್‌ಗೆ ಹೋಗಿ ಆರಾಮಾಗಿ ಇದ್ದು ಬರೋಣ" ಎಂದರು.

ಹನುಮಂತನಗರದ ನಮ್ಮ ಪುಟ್ಟ ಹಾಲಿನಲ್ಲಿ ಚರ್ಚೆ ಜೋರಾಯಿತು. ಅವರಿಗೆ ಗೋವಾ ಬೇಕು. ಮಲ್ಲೇಶ್ವರಂ ಕಾಲೇಜಿಗೆ ಹೋಗುವ ಮಗಳಿಗೆ ಗೋಕರ್ಣ. ನಾನು ಮುರುಡೇಶ್ವರ ಎಂದೆ. ಸಮುದ್ರವೂ ಆಯಿತು, ಅತ್ತೆಗೆ ದೇವರ ದರ್ಶನವೂ ಆಯಿತು ಎನ್ನುವುದು ನನ್ನ ಲೆಕ್ಕಾಚಾರ.

ದಿವಾನದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. ಅವರಿಗೆ ಎಪ್ಪತ್ತು ದಾಟಿದೆ.

"ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ" ಎಂದರು.

"ಹೇಳಿ ಅತ್ತೆ, ಎಲ್ಲಿಗೆ ಹೋಗೋಣ?"

"ದೇವಸ್ಥಾನ ಇಲ್ದಿರೋ ಕಡೆ."

ನಾವು ಮೂವರೂ ಬೆಪ್ಪಾದೆವು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಕಾಫಿಯನ್ನೂ ಮುಟ್ಟದ ಹೆಂಗಸು!

"ಹಾಗಾದ್ರೆ ಗೋವಾನೇ" ಎಂದು ನನ್ನ ಗಂಡ ಕೈ ತಟ್ಟಿದರು.

"ಅಲ್ಲಿಗೂ ಹೋಗಿದೀನಪ್ಪ. ನಿಮ್ಮಪ್ಪ ಕರ್ಕೊಂಡು ಹೋಗಿದ್ರು. ದೇವಸ್ಥಾನಗಳನ್ನೇ ನೋಡ್ಕೊಂಡು ಬಂದ್ವಿ. ಸಮುದ್ರ ಬಸ್ಸಿನ ಕಿಟಕೀಲಿ ಕಾಣಿಸ್ತು, ಅಷ್ಟೇ."

ಮಾವನವರು ಬದುಕಿದ್ದಾಗ ಮನೆಮಂದಿಯನ್ನೆಲ್ಲ ಬಸ್ಸು ಹತ್ತಿಸಿ ಯಾತ್ರೆ ಹೊರಡಿಸುತ್ತಿದ್ದರು. ಬುತ್ತಿ ಕಟ್ಟುವುದು, ಮಕ್ಕಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಲ್ಲುವುದು, ಛತ್ರದಲ್ಲಿ ಒಲೆ ಹಚ್ಚುವುದು, ಎಲ್ಲ ಅತ್ತೆಯ ಪಾಲಿಗೆ. ಅದನ್ನೆಲ್ಲ ಅವರು ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದರು. ಆಮೇಲೆ ಕೊರಳಿನ ಬೆಳ್ಳಿ ಕರಡಿಗೆಯನ್ನು ಮುಟ್ಟಿಕೊಂಡು, "ನನ್ನ ಲಿಂಗ ನನ್ನ ಜೊತೇಲೇ ಇದೆ. ಅವನನ್ನ ನೋಡೋಕೆ ಕ್ಯೂ ನಿಲ್ಲಬೇಕಾಗಿಲ್ಲ. ನಂಗೆ ಸುಮ್ನೆ ಕೂತ್ಕೊಂಡು ಸಮುದ್ರ ನೋಡ್ಬೇಕು" ಎಂದರು.

ಮಗಳು ಮೊಬೈಲಿನಲ್ಲಿ ಕರಾವಳಿಯ ಹೋಂಸ್ಟೇಗಳನ್ನು ಹುಡುಕಿದಳು. ಫೋನಿನಲ್ಲಿ ಮಾತಾಡುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ಮೊದಲು ಸಿಕ್ಕವನನ್ನು, "ಹತ್ರ ದೇವಸ್ಥಾನ ಇದೆಯೇನಪ್ಪಾ?" ಎಂದು ಕೇಳಿದರು. ಅಜ್ಜಿಯ ದನಿ ಕೇಳಿ ಅವನು ಉತ್ಸಾಹದಿಂದ, "ಉಂಟಮ್ಮ, ಭಾರೀ ಕಾರಣಿಕದ್ದು, ನಾವೇ ಕರ್ಕೊಂಡು ಹೋಗ್ತೇವೆ" ಎಂದ. "ಬೇಡಪ್ಪ" ಎಂದು ಅತ್ತೆ ಫೋನಿಟ್ಟರು. ಇನ್ನೊಬ್ಬ ವಿಶೇಷ ಪೂಜೆಯ ವ್ಯವಸ್ಥೆ ಮಾಡಿಕೊಡುತ್ತೇನೆ ಎಂದ. ಮಗಳು ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು.

ಕೊನೆಗೆ ಕುಂದಾಪುರದ ಆಚೆಯ ಒಂದು ಹಳ್ಳಿಯಿಂದ ಹೆಂಗಸೊಬ್ಬರು ಮಾತಾಡಿದರು. "ಇಲ್ಲಿ ನೋಡ್ಲಿಕ್ಕೆ ಎಂತದೂ ಇಲ್ಲ ಮಾರಾಯ್ರೆ. ದೇವಸ್ಥಾನಕ್ಕೆ ಹೊಳೆ ದಾಟಿ ಹೋಗ್ಬೇಕು. ಮಳೆಗಾಲ ಬೇರೆ, ಸಮುದ್ರಕ್ಕೆ ಇಳೀಲಿಕ್ಕೂ ಆಗುದಿಲ್ಲ. ಈಗ ಯಾರೂ ಬರುದಿಲ್ಲ."

"ನಾವು ಬರ್ತೀವಿ" ಎಂದರು ಅತ್ತೆ.

ಬೆಳಗಿನ ರೈಲು ಹಿಡಿದು ಹೋದೆವು. ನನಗೆ ಒಳಗೊಳಗೇ ಅಳುಕು. ಇಷ್ಟು ದೂರ ಹೋಗಿ ನೀರಿಗೂ ಇಳಿಯದೆ ವಾರವಿಡೀ ಏನು ಮಾಡುವುದು? ನಾವು ತಲುಪಿದಾಗ ಸಮುದ್ರ ಕೆಸರು ಬಣ್ಣಕ್ಕೆ ತಿರುಗಿ ಭೋರ್ಗರೆಯುತ್ತಿತ್ತು. ಅತ್ತೆ ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತರು. ಮಳೆ ಬಂದರೂ ಏಳಲಿಲ್ಲ. "ಒಂದ್ ಗಳಿಗೆನೂ ಸುಮ್ನಿರಲ್ವಲ್ಲೇ ಇದು!" ಎಂದು ಮೆಚ್ಚುಗೆಯಿಂದ ನನಗೆ ಹೇಳಿದರು. ಮನೆಯಾಕೆ ಪತ್ರೊಡೆ ತಂದಿಟ್ಟರೆ ಕೂತಲ್ಲೇ ತಿಂದು, ಇನ್ನೂ ಒಂದು ಕೇಳಿ ಹಾಕಿಸಿಕೊಂಡರು. ಮನೆಯಲ್ಲಿ ಎಲ್ಲರದೂ ಆದಮೇಲೆ ಉಣ್ಣುವ ಅತ್ತೆ, ತಟ್ಟೆ ಮುಂದೊಡ್ಡಿ ಕೇಳಿದ್ದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

ನಡುವೆ ಒಂದು ದಿನ ಮಳೆ ನಿಂತು ಹೊಳವಾಯಿತು. ಮನೆಯ ಹಿಂದೆ ಹಿನ್ನೀರು. ಇಳಿತದ ಹೊತ್ತಿಗೆ ಅಲ್ಲಿ ಮೊಣಕಾಲುದ್ದ ನೀರು, ಏನೂ ಭಯವಿಲ್ಲ ಎಂದು ಮನೆಯಾಕೆಯೇ ನಮ್ಮನ್ನು ಕರೆದುಕೊಂಡು ಹೋದರು. ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ಮೊಮ್ಮಗಳ ಕೈ ಹಿಡಿದು ಇಳಿದರು. ಇಳಿದವರು ಹಾಗೆಯೇ ಕುಳಿತುಬಿಟ್ಟರು. ಸೀರೆ ಸುತ್ತಲೂ ಉಬ್ಬಿ ತೇಲಿತು.

"ಅಮ್ಮಾ, ಶೀತ ಆಗತ್ತೆ, ಎದ್ದೇಳಿ" ಎಂದು ನನ್ನ ಗಂಡ ದಡದಿಂದ ಕೂಗಿದರು.

"ಆಗ್ಲಿ ಬಿಡೋ! ಏಯ್, ನೀನೂ ಬಾರೇ ಇಲ್ಲಿ" ಎಂದು ಅತ್ತೆ ನನ್ನನ್ನು ಕರೆದರು.

ಹೋಗಿ ಅವರ ಪಕ್ಕದಲ್ಲಿ ಧೊಪ್ಪನೆ ಕುಳಿತೆ. ಸಣ್ಣ ಮೀನುಗಳು ಕಾಲಿಗೆ ಕಚಗುಳಿಯಿಟ್ಟವು. ಅತ್ತೆ ಕಿರುಚಿದರು, ನಾನೂ ಕಿರುಚಿದೆ. ಏಳಲು ಹೋದರೆ ಕಾಲು ಮರಳಿನಲ್ಲಿ ಹೂತುಕೊಂಡು ಇಬ್ಬರೂ ಮತ್ತೆ ಬಿದ್ದೆವು. ನಕ್ಕು ನಕ್ಕು ಮೈಯಲ್ಲಿ ಶಕ್ತಿಯೇ ಉಳಿಯಲಿಲ್ಲ. ಮಗಳೂ ಗಂಡನೂ ಒಬ್ಬೊಬ್ಬರನ್ನಾಗಿ ಎಳೆದು ದಡಕ್ಕೆ ತರಬೇಕಾಯಿತು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಎದುರು ತಗ್ಗಿದ ದನಿಯಲ್ಲೇ ಮಾತಾಡಿಕೊಂಡು ಬಂದವಳು ನಾನು.

ಆ ಮಧ್ಯಾಹ್ನ ಅವರ ತಲೆ ಒರೆಸಿ, ಸಡಿಲವಾಗಿ ಜಡೆ ಹಾಕಿದೆ. ಹಾಕುತ್ತಿರುವಾಗಲೇ ಅವರಿಗೆ ನಿದ್ದೆ ಹತ್ತಿತು. ಹಗಲು ನಿದ್ದೆ ಮಾಡಿದವರನ್ನು ಎಬ್ಬಿಸುತ್ತಿದ್ದವರೇ ಅತ್ತೆ. ಈಗ ನನ್ನ ಮೊಣಕಾಲಿಗೆ ಒರಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಕಾಲು ಜೋಮು ಹಿಡಿಯಿತು. ಮನೆಯಾಕೆ ಬಾಗಿಲಲ್ಲಿ ನಿಂತು ಚಹಾ ಬೇಕಾ ಎಂದು ಸನ್ನೆಯಲ್ಲೇ ಕೇಳಿದರು. ಆಮೇಲೆ ಎಂದು ಕೈಯಾಡಿಸಿ, ಅಲುಗದೆ ಕೂತೆ.