ಮುಷ್ಟಿಯೊಳಗಿನ ಎರಡು ಎಳೆ

ಕಣ್ಣಿಗೆ ಕಾಣದ್ದನ್ನು ನಾನು ನಂಬುವವನಲ್ಲ. ದೆವ್ವ ಬಡಿದಿದೆ ಎಂದು ಬಂದವರಿಗೆ ‘ಮೊದಲು ರಕ್ತ ಕೊಡು, ಮಲೇರಿಯಾ ಅದನೋ ನೋಡೋಣ’ ಎಂದು ಗದರಿಸಿದವನು. ಈಗಲೂ ನನ್ನ ಸ್ವಭಾವ ಬದಲಾಗಿಲ್ಲ. ಆದರೆ ಒಂದು ಮಧ್ಯಾಹ್ನದ ಸಂಗತಿಯನ್ನು ಮಾತ್ರ ಎಷ್ಟು ತಿಣುಕಾಡಿದರೂ ಬಿಡಿಸಲು ನನ್ನಿಂದ ಆಗಿಲ್ಲ. ನಗು ಬಂದರೆ ನಗಿ, ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ನಾಲ್ಕಾರು ವರ್ಷ ಕಳೆದಿದ್ದವು. ಉಮರ್ಗಾದ ದವಾಖಾನೆಗೆ ನಾನೊಬ್ಬನೇ ಡಾಕ್ಟರ್, ಕಂಪೌಂಡರ್ ಖಾಜಾಮಿಯಾ. ನಮ್ಮಲ್ಲಿ ಹಿತ್ತಾಳೆಯ ಒಂದು ಸೂಕ್ಷ್ಮದರ್ಶಕ ಇತ್ತು. ಅದಕ್ಕೆ ವಿದ್ಯುತ್ ದೀಪ ಇರಲಿಲ್ಲ. ಅಡಿಯಲ್ಲಿ ಒಂದು ದುಂಡು ಕನ್ನಡಿ. ಅದು ಕಿಟಕಿಯ ಬೆಳಕನ್ನು ಹಿಡಿದು ಮೇಲಕ್ಕೆ ಎಸೆದರೆ ಗಾಜಿನ ಪಟ್ಟಿಯ ಮೇಲಿಟ್ಟದ್ದು ಕಾಣುತ್ತಿತ್ತು. ನೋಡಿದ್ದನ್ನೆಲ್ಲ ನಾನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ: ಏನು ನೋಡಿದೆ, ಯಾವ ಮಸೂರ, ಯಾವ ಬೆಳಕು. ಒಂದು ಅಂಕಣವನ್ನೂ ಖಾಲಿ ಬಿಡಬಾರದು ಎಂಬುದು ನನ್ನ ಹಟ.

ಆ ಮಳೆಗಾಲದಲ್ಲಿ ಮಾಕಣಿಯ ಬಸವಂತಪ್ಪ ಎಂಬ ವಯಸ್ಸಾದ ಲಿಂಗಾಯತ ರೈತ ಹೊಳೆಯ ದಂಡೆಯಲ್ಲಿ ಸತ್ತು ಬಿದ್ದಿದ್ದ. ಜಾರಿ ಬಿದ್ದನೆಂದುಕೊಂಡು ಮನೆಯವರು ಮಣ್ಣಿಗೆ ಸಿದ್ಧ ಮಾಡಿದರು. ಶವವನ್ನು ಕೂರಿಸಿ, ಎಡ ಅಂಗೈಯಲ್ಲಿ ಅವನ ಲಿಂಗ ಇಡಬೇಕೆಂದು ಸ್ವಾಮಿಗಳು ಬಿಗಿದ ಮುಷ್ಟಿಯನ್ನು ಬಿಡಿಸಿದರೆ, ಒಳಗೆ ಕರಿ ಕೂದಲಿನ ಎರಡು ಉದ್ದನೆಯ ಎಳೆ! ಅಂದು ಮುಂಜಾನೆಯೇ ಸೊಸೆ ನೀಲಮ್ಮ ಅವನ ಜೊತೆ ಜಗಳಾಡಿದ್ದಳು, ಅವನ ಹಿಂದೆಯೇ ಹೊಳೆಗೂ ಹೋಗಿದ್ದಳು. ಅಲ್ಲಿಗೆ ತೀರಿತು, ಕೊಂದವಳು ಅವಳೇ ಎಂದರು. ಅದು ಯಾವ ಕೂದಲೆಂದು ಯಾರೂ ಸರಿಯಾಗಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ಆಗ ಕೂದಲನ್ನು ಯಾರು ನೋಡಿದರು? ಎಲ್ಲರೂ ನೀಲಮ್ಮನನ್ನೇ ನೋಡಿದರು. ಸ್ವಾಮಿಗಳು ಆ ಎಳೆಗಳನ್ನು ಬೂದಿ ಮೆತ್ತಿದ ಬಟ್ಟೆಯಲ್ಲಿ ಸುತ್ತಿ ಪೊಲೀಸ್ ಫೌಜದಾರನ ಕೈಗೆ ಕೊಟ್ಟರು.

ಶವ ಕೊಯ್ದು ನೋಡಿದವನು ನಾನೇ. ಹಿಂದಲೆಗೆ ಒಂದು ಪೆಟ್ಟು. ಕಲ್ಲು ತಲೆಗೆ ಬಡಿಯಿತೋ, ತಲೆ ಕಲ್ಲಿಗೆ ಬಡಿಯಿತೋ, ಪೆಟ್ಟು ಹೇಳಲಿಲ್ಲ. ಹೇಳಬೇಕಾದದ್ದು ಆ ಎರಡು ಎಳೆ ಮಾತ್ರ.

ಮರುದಿನ ಮಧ್ಯಾಹ್ನ ಫೌಜದಾರ ನೀಲಮ್ಮನನ್ನು ಕರೆದುಕೊಂಡೇ ಬಂದ. ನಾನು ಸಹಿ ಮಾಡಿದ ಕೂಡಲೇ ನಾಲ್ಕು ಗಂಟೆಯ ಮೋಟಾರು ಬಸ್ಸಿಗೆ ಅವಳನ್ನು ಜೇಲಿಗೆ ಕಳಿಸುವವನಿದ್ದ. ಅವಳ ಮಡಿಲಲ್ಲಿ ಆರು ತಿಂಗಳ ಕೂಸು.

“ಡಾಕ್ಟರ್ ಸಾಹೇಬ್ರ, ನೋಡೋದೇನದ ಇದರಾಗ? ಹೆಣ್ಮಗಳ ಕೂದಲ ಅಂತ ಕುರುಡಗೂ ಗೊತ್ತಾಗ್ತದ. ಲಗೂನ ಸಹಿ ಮಾಡ್ರಿ, ಮೋಟಾರ್ ತಪ್ತದ” ಎಂದ ಫೌಜದಾರ.

ನೀಲಮ್ಮ ಬಾಗಿಲಿನಿಂದಲೇ ಅಂದಳು: “ಅಪ್ಪಾ, ಮಾವನ ಮ್ಯಾಲ ಬಾಯಿ ಮಾಡೀನಿ, ಖರೆ ಅದ. ಬುತ್ತಿ ಕೊಡಲಾಕ ಹಿಂದ ಹೋಗೀನಿ, ಅದೂ ಖರೆ. ಕೈ ಮಾಡಿಲ್ರೀ.”

ನನಗೆ ಸಿಟ್ಟು ಬಂತು. ನೋಡದೆ ನಾನು ಸಹಿ ಹಾಕುವುದಿಲ್ಲ, ಮೋಟಾರು ಹೋದರೆ ಹೋಗಲಿ ಎಂದೆ. ಎಳೆಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದೆ. ನೀಲಮ್ಮನ ತಲೆಯ ಒಂದು ಕೂದಲು ಕೇಳಿ ತೆಗೆದುಕೊಂಡು ಮೂರನ್ನೂ ಒಂದೇ ಗಾಜಿನ ಪಟ್ಟಿಯ ಮೇಲೆ ಇಟ್ಟೆ. ಹೊರಗೆ ಮೋಡ ಕವಿದು ಕೋಣೆಯಲ್ಲಿ ಅಕ್ಷರ ಓದುವಷ್ಟೂ ಬೆಳಕಿರಲಿಲ್ಲ. ಏನೂ ಕಾಣಲಿಕ್ಕಿಲ್ಲ ಎಂದುಕೊಂಡೇ ಕಣ್ಣಿಟ್ಟೆ.

ಬೆಳ್ಳಗೆ ಬೆಳಕು! ಬೇಸಿಗೆಯ ಬಿಸಿಲಿನಲ್ಲೂ ಅಷ್ಟು ಸ್ವಚ್ಛ ನೋಡಿರಲಿಲ್ಲ. ನೀಲಮ್ಮನ ಕೂದಲಿನ ನಡುವೆ ತೀರ ಸಣ್ಣ ಗೆರೆ, ಅಲ್ಲಲ್ಲಿ ಹರಿದದ್ದು. ಮನುಷ್ಯರದ್ದು ಇರುವುದೇ ಹಾಗೆ. ಮುಷ್ಟಿಯ ಎಳೆಗಳಲ್ಲಾದರೋ ಆ ಗೆರೆ ಅರ್ಧ ಅಗಲ ತುಂಬಿ ಬಂಡಿಯ ದಾರಿಯಂತೆ ಉದ್ದಕ್ಕೂ ಹೋಗಿತ್ತು. ಅವು ಮನುಷ್ಯರ ಕೂದಲೇ ಅಲ್ಲ, ದನದ್ದೋ ಎಮ್ಮೆಯದ್ದೋ ಇರಬೇಕು. ಅರ್ಧ ಗಂಟೆ ಕೂತು ಎರಡೂ ಬಗೆಯ ಕೂದಲನ್ನು ವಹಿಯಲ್ಲಿ ಚಿತ್ರ ಬರೆದೆ. ಆಮೇಲೆ ಫೌಜದಾರನಿಗೂ ತೋರಿಸೋಣವೆಂದು ಕರೆದೆ. ಅವನು ಬಗ್ಗಿ ನೋಡಿ, “ಏನ್ ಚೇಷ್ಟಾ ಮಾಡ್ತೀರಿ? ಬರೇ ಕತ್ತಲಿ ಅದ” ಎಂದ. ನಾನು ನೋಡಿದೆ. ಕತ್ತಲೆಯೇ.

ಕನ್ನಡಿ ತಿರುಗಿಸಲು ಕೈ ಹಾಕಿದರೆ ಬೆರಳಿಗೆ ಏನೂ ಸಿಗಲಿಲ್ಲ. ಖಾಜಾಮಿಯಾ ಓಡಿ ಬಂದ. “ಕನ್ನಡಿ ನಿನ್ನೆನೇ ಬಿಚ್ಚೀನಲ್ರೀ ಸಾಹೇಬ್ರ! ಬೂಷ್ಟು ಹತ್ತಿತ್ತು, ಒರೆಸಿ ಡಬ್ಬಿಯಾಗ ಇಟ್ಟೀನಿ. ನಿಮಗ ಹೇಳೋದು ಮರೆತೆ.” ಕಪಾಟಿನಿಂದ ಡಬ್ಬಿ ತಂದು ಬಿಚ್ಚಿದ. ಅರಳೆಯ ನಡುವೆ ಕನ್ನಡಿ ಬೆಚ್ಚಗೆ ಮಲಗಿತ್ತು. ವಹಿ ತೆರೆದು ನೋಡಿದೆ, ಅರ್ಧ ಗಂಟೆ ಕೂತು ಬರೆದ ಚಿತ್ರ ಅಲ್ಲೇ ಇತ್ತು.

ಆದರೆ ಆ ಚಿತ್ರದ ಮೇಲೆ ಸಹಿ ಮಾಡಲು ನಾನು ಸಿದ್ಧನಿರಲಿಲ್ಲ. ಕನ್ನಡಿ ಕೂರಿಸಿ, ಮೋಡ ಹರಿಯಲಿ ಎಂದು ಕಾದೆ. ನಾಲ್ಕರ ಮೋಟಾರು ಹಾರ್ನ್ ಹೊಡೆದು ಹೋಯಿತು, ಫೌಜದಾರ ಹಲ್ಲು ಕಡಿದ. ಐದರ ಸುಮಾರಿಗೆ ಒಂದಿಷ್ಟು ಬಿಸಿಲು ಬಿತ್ತು. ನೋಡಿದೆ: ಅದೇ ಗೆರೆ, ಅದೇ ಅಗಲ, ನಾನು ಬರೆದ ಚಿತ್ರದಂತೆಯೇ. ಆಗ ಸಹಿ ಮಾಡಿದೆ.

ಎಳೆಗಳು ಹೈದರಾಬಾದಿನ ಪ್ರಯೋಗಾಲಯಕ್ಕೂ ಹೋದವು. ಎಮ್ಮೆಯ ಬಾಲದ ಕೂದಲು ಎಂದು ಉತ್ತರ ಬಂತು. ಅಂದು ಮನೆಯ ಮಣಕ, ಅಂದರೆ ಇನ್ನೂ ಈಯದ ಎಮ್ಮೆ, ಮೈ ಒದ್ದೆ ಮಾಡಿಕೊಂಡು ಒಂಟಿಯಾಗಿ ತಿರುಗಿ ಬಂದದ್ದು ದನ ಕಾಯುವವನಿಗೆ ಆಗ ನೆನಪಾಯಿತು. ನಮ್ಮ ಕಡೆ ಹೊಳೆ ತುಂಬಿ ಬಂದರೆ ಎಮ್ಮೆಯ ಬಾಲ ಹಿಡಿದೇ ದಾಟುತ್ತಾರೆ. ಎಳೆಯ ಮಣಕ ಬೆದರಿ ಜಗ್ಗಿ, ಮುದುಕ ಕಲ್ಲಿನ ಮೇಲೆ ಬಿದ್ದಿರಬೇಕು. ನೀಲಮ್ಮ ಕೂಸಿನ ಜೊತೆ ಮನೆಗೆ ಹೋದಳು.

ಆ ಬೆಳಕಿಗಾಗಿ ನಾನು ಹುಡುಕದೆ ಬಿಟ್ಟಿಲ್ಲ. ಅಂಥದೇ ಮೋಡದ ಮಧ್ಯಾಹ್ನಗಳಲ್ಲಿ ಕನ್ನಡಿ ಬಿಚ್ಚಿ, ಕೆಳಗೆ ಬಿಳಿ ತಟ್ಟೆ ಇಟ್ಟು ನೋಡಿದೆ, ಕಾಗದ ಇಟ್ಟು ನೋಡಿದೆ, ಏನೂ ಇಡದೆ ನೋಡಿದೆ. ಪ್ರತಿ ಸಲ ಕತ್ತಲೆ. ಉದಗೀರಕ್ಕೆ ವರ್ಗವಾದ ಮೇಲೂ ಬಿಡಲಿಲ್ಲ.

ವಹಿ ಇನ್ನೂ ನನ್ನ ಹತ್ತಿರ ಇದೆ. ಐದು ಗಂಟೆಯ ಸಾಲಿನಲ್ಲಿ ‘ಬಿಸಿಲು, ಕನ್ನಡಿ’ ಎಂದು ಬರೆದಿದ್ದೇನೆ. ಅದರ ಮೇಲಿನ ಸಾಲಿನಲ್ಲಿ ಚಿತ್ರ ಇದೆ, ಮಸೂರದ ಹೆಸರು ಇದೆ. ಬೆಳಕಿನ ಅಂಕಣ ಖಾಲಿ ಇದೆ.