ಮಾದ್ಲೊಮೊ ಎರಡು ಸಲ ಕೇಳಿದ್ದು

"ಅಮ್ಮಾ, ಮಾದ್ಲೊಮೊ ಅಜ್ಜಿ ನನ್ನ ಹೆಸರನ್ನ ಯಾಕೆ ದಿನಾ ಕೇಳ್ತಾರೆ? ಅದೂ ಪರೀಕ್ಷೇನಾ?"

"ಹೂಂ, ಪರೀಕ್ಷೇನೇ. ಸರಿಯಾಗಿ ಹೇಳು," ಎಂದು ವುಯೊಕಾಜಿ ಮಗಳ ಬಾಯಿ ಮುಚ್ಚಿಸಿದಳು. ಐದು ವರ್ಷದ ಕೂಸಿಗೆ ಇನ್ನೇನು ಹೇಳುವುದು? ಲಿತಾ ಎಂಬ ಆ ಹೆಸರನ್ನು ಇಟ್ಟವರೇ ಮಾದ್ಲೊಮೊ.

ಕೊಮಾನಿ ಪಟ್ಟಣದ ಹಳೇ ಕೋರ್ಟಿನ ಹಿಂದಿನ ಬೀದಿಯಲ್ಲಿ, ದರ್ಜಿ ಹೆಂಗಸಿನ ಅಂಗಡಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಮಾದ್ಲೊಮೊ ಕೂರುತ್ತಿದ್ದರು. ಹಾಗಂತ ಕರೆಯುವುದು ಅವರ ಕುಲವನ್ನು ಹಿಡಿದು. ಹೆಸರು ಹಿಡಿದು ಕರೆಯುವಷ್ಟು ದೊಡ್ಡವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಮನಶ್ಶಾಸ್ತ್ರಜ್ಞೆ. ಅವರ ಬಾಗಿಲಿಗೆ ಬರುತ್ತಿದ್ದುದು ರಸ್ತೆಯಲ್ಲಿ ತಲೆಗೆ ಪೆಟ್ಟು ತಿಂದ ಮಕ್ಕಳು. ಪರಿಹಾರದ ದಾವೆಯಲ್ಲಿ ನ್ಯಾಯಾಧೀಶರಿಗೆ ಒಂದೊಂದು ಮಗುವಿಗೂ ಎರಡೆರಡು ಬದುಕು ಬರೆದುಕೊಡಬೇಕು: ಪೆಟ್ಟು ಬೀಳದಿದ್ದರೆ ಇದು ಏನಾಗುತ್ತಿತ್ತು, ಈಗ ಏನಾದೀತು.

ಮೊದಲು ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ಗಾಯ ಮಾಯ್ದು ಮನೆಗೆ ಹೋದ ಮಕ್ಕಳು ಕೆಲವು ತಿಂಗಳಲ್ಲಿ ಹೆತ್ತ ತಾಯಿಯ ಮೇಲೇ ಕಲ್ಲೆಸೆಯುತ್ತ ಮರಳಿ ಬಂದದ್ದನ್ನು ಕಂಡು, ಕೆಲಸ ಮಾಡುತ್ತಲೇ ಅಂಚೆಯಲ್ಲಿ ಪಾಠ ತರಿಸಿ ಓದಿದರು. ಮದುವೆಯ ಮಾತೆತ್ತಿ ಯಾರಾದರೂ ಕೆಣಕಿದರೆ, "ಗಂಡು ಬಂದಿದ್ದ ಕಣೇ. ಅವನಿಗೂ ಪರೀಕ್ಷೆ ಕೊಟ್ಟೆ, ಫೇಲಾದ," ಅನ್ನುತ್ತಿದ್ದರು. ತಾಯಂದಿರನ್ನು ಅವರ ಮನೆಮಾತಾದ ಖೋಸಾದಲ್ಲೇ ವಿಚಾರಿಸುತ್ತಿದ್ದರು, ಅದೂ ಶಾಲೆಯ ಅಂಕಗಳ ಗೊಡವೆಗೆ ಹೋಗದೆ. "ಅಂಗಡಿಗೆ ಕಳಿಸಿದ್ರೆ ಹೇಳಿದ್ದೆಲ್ಲ ನೆನಪಿಟ್ಟು ತರ್ತಿದ್ಲಾ? ಯಾವ ಮರಿ ಯಾವ ಆಡಿಂದು ಅಂತ ಗುರುತು ಹಿಡೀತಿದ್ಲಾ?"

ಅವರಿಗೆ ವರದಿ ಟೈಪ್ ಮಾಡಿಕೊಟ್ಟು, ಟೀ ಕಾಸಿಕೊಡುವವಳು ವುಯೊಕಾಜಿ. ಈಚೆಗೆ ಅವರು ನಿನ್ನೆ ಬರೆಸಿದ್ದನ್ನೇ ಇವತ್ತೂ ಬರೆಸುತ್ತಿದ್ದರು. ಅವಳು ತೆಪ್ಪಗೆ ಮತ್ತೆ ಟೈಪ್ ಮಾಡುತ್ತಿದ್ದಳು. ಹಿರಿಯರ ಮುಖ ನೋಡಿ 'ನಿಮಗೆ ಮರೆತುಹೋಗಿದೆ' ಅನ್ನುವುದು ಅವಳು ಬೆಳೆದ ಮನೆಯಲ್ಲಿ ಬೈಗುಳಕ್ಕೆ ಸಮ.

ಲಿತಾ ಆ ಪ್ರಶ್ನೆ ಕೇಳಿದ ಮರುದಿನ ಯೊಲಿಸ್ವಾ ತಾಯಿಯ ಜೊತೆ ಬಂದಳು. ಒಂಬತ್ತರ ಹುಡುಗಿ, ಶಾಲೆಯ ಗೇಟಿನ ಮುಂದೆ ಟ್ಯಾಕ್ಸಿ ಹೊಡೆದಿತ್ತು. ಪರೀಕ್ಷೆ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ಬಣ್ಣದ ಚೌಕಗಳನ್ನು ಜೋಡಿಸುವುದು, ಪದಗಳನ್ನು ಕೇಳಿ ತಿರುಗಿ ಹೇಳುವುದು ಹೋದ ವಾರವೇ ಆಗಿತ್ತು. ಇವತ್ತು ಓದು, ಲೆಕ್ಕ. ಬಾಗಿಲು ಹಾಕಿಕೊಂಡಿತು.

ತೆರೆದಾಗ ಮಾದ್ಲೊಮೊ ಅವರ ಮುಖ ಅರಳಿತ್ತು. "ತಂಗಿ, ನಿನ್ನ ಮಗಳು ಚೌಕ ಎಲ್ಲಾ ಜೋಡಿಸಿದ್ಲು! ಪದಾನೂ ಒಂದೂ ಬಿಡದೆ ಹೇಳಿದ್ಲು!"

ಯೊಲಿಸ್ವಾಳ ತಾಯಿ ಎದ್ದು ನಿಂತು ನಾಲಿಗೆ ಕುಣಿಸಿ ಹರ್ಷದ ಕೂಗು ಹಾಕಿದಳು. ಏನು ಎತ್ತ ಗೊತ್ತಿಲ್ಲದಿದ್ದರೂ ಗೋಡೆಯಾಚೆಯಿಂದ ದರ್ಜಿ ಹೆಂಗಸೂ ಕೂಗಿ ದನಿಗೂಡಿಸಿದಳು.

ಯೊಲಿಸ್ವಾ ನಾಚಿಕೊಂಡಳು. "ಹೋದ ವಾರ ಇವೆಲ್ಲ ನಂಗೆ ಬರ್ಲಿಲ್ವಲ್ಲ ಅಜ್ಜಿ, ಬೇಜಾರಾಯ್ತು. ಅದಕ್ಕೇ ಮನೇಲಿ ಬೆಂಕಿಪೊಟ್ಟಣ ಇಟ್ಕೊಂಡು ದಿನಾ ಜೋಡಿಸ್ದೆ. ಪದಗಳನ್ನ ಅಣ್ಣ ಹೇಳಿಕೊಟ್ಟ."

ಮಾದ್ಲೊಮೊ ಅವರ ನಗು ತುಟಿಯ ಮೇಲೇ ನಿಂತಿತು. ಮೆಲ್ಲಗೆ ತಿರುಗಿದರು.

"ಹೋದ ವಾರ ಕೊಟ್ಟಿದ್ನಾ ನಾನು, ವುಯೊಕಾಜಿ?"

ಅವಳು ನೆಲ ನೋಡಿದಳು. "ಕೊಟ್ಟಿದ್ರಿ, ಮಾದ್ಲೊಮೊ."

ಅವರು ಕುರ್ಚಿ ಎಳೆದುಕೊಂಡು ಆ ತಾಯಿಯ ಎದುರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತರು. "ತಪ್ಪು ನಂದು ತಂಗಿ. ಒಂದೇ ಪರೀಕ್ಷೆ ಇಷ್ಟು ಬೇಗ ಎರಡು ಸಲ ಕೊಟ್ರೆ ಅದು ಬಾಯಿಪಾಠ ಆಗುತ್ತೆ. ಇದನ್ನ ನೋಡಿದ್ರೆ ಕೋರ್ಟಲ್ಲಿ ಮಗು ನೆಟ್ಟಗಿದೆ ಅಂದ್ಬಿಡ್ತಾರೆ. ಹೋದ ವಾರದ್ದನ್ನೇ ಕೊಡೋಣ ಅಂದ್ರೆ, ಅದು ನಿಜ ಅಂತ ಕೋರ್ಟಲ್ಲಿ ನಾನು ಆಣೆ ಮಾಡಿ ಹೇಳ್ಬೇಕು. ಆ ದಿನವೇ ನಂಗೆ ನೆನಪಿಲ್ಲ. ಸಮುದ್ರದ ಕಡೆ ಪಟ್ಟಣದಲ್ಲಿ ಒಬ್ರು ಇದ್ದಾರೆ, ಅವರ ಹತ್ರ ಹೊಸದಾಗಿ ಮಾಡಿಸ್ಬೇಕು. ಈ ಬಾಯಿಪಾಠ ಮರೆಯೋಕೆ ಒಂದು ವರ್ಷ ಕಾಯ್ಬೇಕಾಗುತ್ತೆ."

"ಅಂದ್ರೆ ಇವಳು ಗುಣವಾಗಿಲ್ವಾ?"

ಎಷ್ಟೋ ವಕೀಲರಿಗೆ ನಿಂತ ನಿಲುವಿನಲ್ಲಿ ಉತ್ತರ ಕೊಟ್ಟವರು ಮೊದಲು ಯೊಲಿಸ್ವಾಳ ಕಡೆ ನೋಡಿದರು.

"ಇಲ್ಲ."

ತಾಯಿ ಮಗಳ ಉಣ್ಣೆ ಟೋಪಿಯನ್ನು ಕಿವಿಯವರೆಗೂ ಎಳೆದಳು. "ಇರಲಿ ಬಿಡಿ ಮಾದ್ಲೊಮೊ. ಆ ಒಂದು ಕೂಗು ಹಾಕೋ ಹೊತ್ತಾದ್ರೂ ಗುಣವಾಗಿದ್ಲಲ್ಲ," ಎಂದು ಕೈ ಹಿಡಿದು ಕರೆದುಕೊಂಡು ಹೋದಳು.

ವುಯೊಕಾಜಿ ಟೀ ತಂದಿಟ್ಟಳು. "ಇವತ್ತಿನ ಹಾಳೆ ಹರಿದು ಹಾಕ್ಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ಇದನ್ನ ಹರೀಬಹುದು. ಹೋದ ವರ್ಷದ ಮಕ್ಕಳು? ಅವರಲ್ಲಿ ಯಾರ್ಯಾರಿಗೆ ಎರಡೆರಡು ಸಲ ಕೇಳಿದ್ದೀನೋ. ಬಾಯಿಬಿಟ್ಟು ಹೇಳೋಕೆ ಎಲ್ಲರೂ ಯೊಲಿಸ್ವಾನಾ? ಅವರ ತೀರ್ಪೆಲ್ಲ ಆಗಿಹೋಯ್ತಲ್ಲೇ."

ವುಯೊಕಾಜಿ ಟೀ ಲೋಟವನ್ನು ಅವರತ್ತ ಸರಿಸಿದಳು. "ನಿಮ್ಮನ್ನ ದೊಡ್ಡಾಸ್ಪತ್ರೇಲಿ ತೋರಿಸೋಣ. ಅಲ್ಲಿ ಪರೀಕ್ಷೆ ಮಾಡಿ ಹೇಳ್ತಾರೆ."

ಮಾದ್ಲೊಮೊ ನಿಜವಾಗಿಯೂ ನಕ್ಕರು. "ಯಾವ ಪರೀಕ್ಷೆ, ಹುಚ್ಚಿ? ಅವರು ಕೇಳೋ ಪದ, ತೋರಿಸೋ ಚಿತ್ರ, ಎಲ್ಲಾ ನಂಗೆ ಕಂಠಪಾಠ. ಜೀವಮಾನ ಪೂರ್ತಿ ಕೇಳಿದವಳು ನಾನೇ ಅಲ್ವಾ! ನನ್ನ ಹೆಸರು ಮರೆತ ಮೇಲೂ ಅದರಲ್ಲಿ ಪಾಸಾಗ್ತೀನಿ. ನಂಗೆ ಮರೆವು ಬಂದಿದೆ ಅಂತ ಯಾರೂ ಹೇಳಲಾರರು."

ನಗು ಎಲ್ಲಿ ಅಳುವಾಯಿತೋ ವುಯೊಕಾಜಿಗೆ ತಿಳಿಯಲಿಲ್ಲ. ಲಿತಾಳ ಮೂಗು ಒರಸುವ ಹಾಗೆ ತನ್ನ ಮೇಲುವಸ್ತ್ರದ ಅಂಚಿನಿಂದಲೇ ಅವರದ್ದನ್ನೂ ಒರಸಿದಳು. ಅವರು ಒರಸಿಸಿಕೊಂಡರು. ಆಮೇಲೆ ಕೈಚೀಲ ತಡಕಿ ಕೋಣೆಯ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ ಗಟ್ಟಿಯಾಗಿ ಒತ್ತಿ ಹಿಡಿದರು.

"ಒಂದು ಉಪಕಾರ ಮಾಡು ಮಗಳೇ. ನಾಳೆ ನಾನು ಇದೆಲ್ಲ ಮರೆತು, ನಗ್‌ನಗ್ತಾ ಬಂದು ಬಾಗಿಲು ತೆಗಿ ಅಂತೀನಿ. ಬೈತೀನಿ. ನಿನ್ನ ಅಪ್ಪನ ಕುಲ ಎತ್ತಿ ಬೈತೀನಿ. ಕೀಲಿ ಕೊಡಬೇಡ. ಯಾಕೆ ಅಂತ ಕೇಳಿದ್ರೆ ಮುಖ ನೋಡಿ ನಿಜ ಹೇಳು. ನಾಚ್ಕೋಬೇಡ, ಮರ್ಯಾದೆ ನೋಡಬೇಡ. ಕೇಳಿದಷ್ಟು ಸಲಾನೂ ಹೇಳು."