ಗಾಜಿಗೆ ತಾಗಿದ ಬಳೆ

ಟಿಣ್, ಟಿಣ್. ಮಂಗಳೂರಿನ ಮ್ಯೂಸಿಯಂನಲ್ಲಿ ಒಬ್ಬ ಹೆಂಗಸು ಚಿನ್ನದ ಬಳೆಯಿಂದ ಗಾಜಿನ ಪೆಟ್ಟಿಗೆ ತಟ್ಟಿದ ಸದ್ದು ಅದು. ಇದರಲ್ಲಿ ಎಂತ ಬರೆದಿದೆ ಎಂದು ಅವರು ಕೇಳಿದ್ದು ನನ್ನ ಅಕ್ಕನನ್ನು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾಶಿಕ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಅಪ್ಪಯ್ಯ ನಮ್ಮಿಬ್ಬರನ್ನೂ ಊರ ಕಡೆಗೆ ಕರೆತಂದದ್ದು ಅಕ್ಕನನ್ನು ಹುಡುಗನ ಮನೆಯವರಿಗೆ ತೋರಿಸಲಿಕ್ಕೆ. ಮನೆಯಲ್ಲೇ ತೋರಿಸಿ ಅವರು ಬೇಡವೆಂದರೆ ಊರೆಲ್ಲ ಸುದ್ದಿ. ಅದಕ್ಕೇ ಸುತ್ತಾಡಲು ಹೋದಲ್ಲಿ ಅಕಸ್ಮಾತ್ ಭೇಟಿಯಾದಂತೆ ಏರ್ಪಾಡು. ಬೆಳಿಗ್ಗೆ ಬೀಚಿನಲ್ಲಿ ಹುಡುಗನೂ ಅವನ ತಾಯಿಯೂ ಎದುರಾದರು; ಅಪ್ಪಯ್ಯ ಬಹಳ ಆಶ್ಚರ್ಯಪಟ್ಟರು. ಮ್ಯೂಸಿಯಂನಲ್ಲಿ ಪುನಃ ಅವರೇ. ಅಪ್ಪಯ್ಯ ಪುನಃ ಅಷ್ಟೇ ಆಶ್ಚರ್ಯಪಟ್ಟಾಗ ಅಕ್ಕ ನನ್ನ ಕೈ ಚಿವುಟಿ ನಗು ನುಂಗಿದಳು. ಹುಡುಗ ಅವಳಿಗೆ ಹಿಡಿಸಿದ್ದ. ಬೀಚಿನಲ್ಲಿ ತೊಯ್ದ ಸೀರೆಯಂಚು ಹಿಂಡುತ್ತ ಅವಳು ಎರಡೆರಡು ಸಲ ಅತ್ತ ನೋಡಿದ್ದನ್ನು ನಾನು ಕಂಡಿದ್ದೆ.

ಪೆಟ್ಟಿಗೆಯೊಳಗಿನ ಚೀಟಿ ಇಂಗ್ಲಿಷಿನಲ್ಲಿತ್ತು. ಅಮ್ಮ ತೀರಿಕೊಂಡಾಗ ಮರಾಠಿ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಮನೆ ಹಿಡಿದವಳು ಅಕ್ಕ. ಜಡೆ ಹಾಕಿ ನನ್ನನ್ನು ಕಾನ್ವೆಂಟಿಗೆ ಕಳಿಸುತ್ತಿದ್ದವಳೂ ಅವಳೇ. ಅವಳು ನನ್ನತ್ತ ನೋಡಿದಳು. ನಾನು ಓದಿದೆ, ಸಿಸ್ಟರುಗಳು ಕಲಿಸಿದ ಪ್ರೊನನ್ಸಿಯೇಷನ್‌ನಲ್ಲಿ, ಫುಲ್‌ಸ್ಟಾಪ್ ಬಂದಲ್ಲಿ ನಿಂತು. ಆ ತಾಯಿ ಮುಂದಿನ ಪೆಟ್ಟಿಗೆ ತಟ್ಟಿದರು. ಅದರ ಮುಂದಿನದನ್ನೂ. ಭಾವೀ ಸೊಸೆಯ ತಂಗಿ ಸ್ಮಾರ್ಟ್ ಎಂದು ಮೆಚ್ಚುತ್ತಿದ್ದಾರೆ ಎಂದುಕೊಂಡೆ. ಹೌ ಸಿಲ್ಲಿ.

ಸಂಜೆ ಪಾರ್ಕಿನ ಬೆಂಚಿನ ಮೇಲೆ ಅವರು ಬಾಳೆಲೆಯ ಕಟ್ಟು ಬಿಚ್ಚಿ ಮಲ್ಲಿಗೆ ತೆಗೆದರು. ಹುಡುಗಿ ಒಪ್ಪಿಗೆಯಾದರೆ ಹೂ ಮುಡಿಸುವುದು ವಾಡಿಕೆ. ಅಕ್ಕ ತಲೆ ತಗ್ಗಿಸಿದಳು. ಹೂ ಬಂದದ್ದು ನನ್ನ ಜಡೆಗೆ.

ಕಿವಿ ಮುಚ್ಚಿಹೋದಂತಾಯಿತು. ದೂರದಲ್ಲೆಲ್ಲೋ ಆಕೆ ಅಪ್ಪಯ್ಯನಿಗೆ ವಿವರಿಸುತ್ತಿದ್ದರು: ಈಗ ಸಂಭಾಜಿನಗರವಾಗಿರುವ ಔರಂಗಾಬಾದಿನಲ್ಲಿ ತಮ್ಮ ಹೋಟೆಲು, ವೇರೂಳಿನ, ಅಂದರೆ ಎಲ್ಲೋರದ, ಗುಹೆ ನೋಡಲು ಬರುವ ಫಾರಿನರ್‌ಗಳೇ ಗಿರಾಕಿಗಳು, ಕೌಂಟರಿನಲ್ಲಿ ಇಂಗ್ಲಿಷ್ ಮಾತಾಡುವ ಸೊಸೆ ಬೇಕು. ಈ ಸಲ ಅಪ್ಪಯ್ಯ ಆಶ್ಚರ್ಯ ನಟಿಸಬೇಕಾಗಿರಲಿಲ್ಲ. ಹೂ ಕಿತ್ತೆಸೆಯಲು ನಾನು ಕೈ ಎತ್ತಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಅಲ್ಲಾಡ್ಬೇಡ. ಹೂ ಬೀಳ್ತದೆ," ಎಂದು ತನ್ನ ತಲೆಯ ಪಿನ್ನು ತೆಗೆದು ಸಿಕ್ಕಿಸಿದಳು.

ನಾಶಿಕ್‌ಗೆ ಮರಳಿ ನಾನು ಒಲ್ಲೆನೆಂದು ಅತ್ತೆ. ನೀನು ಬೇಡವೆಂದರೆ ಆ ಮನೆಯವರು ನನ್ನನ್ನು ಕರೆಯುತ್ತಾರಾ ಎಂದು ಅಕ್ಕನೇ ಬೈದಳು. ನನ್ನ ಮದುವೆಯಾಯಿತು. ಅವಳಿಗೆ ಆಗಲೇ ಇಲ್ಲ.

ಕೆಲವು ವರ್ಷ ಕಳೆದು ಔರಂಗಾಬಾದಿಗೆ ಬಂದವಳನ್ನು ವೇರೂಳಿಗೆ ಕರೆದುಕೊಂಡು ಹೋದೆ. ಗುಹೆಯ ಎದುರು ಇಂಗ್ಲಿಷ್ ಬೋರ್ಡು. ಹಳೆಯ ರೂಢಿ, ನಾನು ಬಾಯಿ ತೆರೆದೆ. ಅಕ್ಕ ಸುಮ್ಮನಿರು ಎಂಬಂತೆ ಕೈ ಅಡ್ಡ ಹಿಡಿದು ತಾನೇ ಓದಿದಳು, ಮೊದಲಿನಿಂದ ಕೊನೆಯ ತನಕ, ಫುಲ್‌ಸ್ಟಾಪ್ ಬಂದಲ್ಲಿ ನಿಂತು. ಪಾರ್ಕಿನಲ್ಲಿ ಮುಚ್ಚಿದ್ದ ಹಾಗೇ ಕಿವಿ ಮುಚ್ಚಿತು. ಯಾವಾಗ ಕಲಿತೆ, ಯಾರು ಕಲಿಸಿದರು ಎಂದು ತೊದಲಿದೆ.

"ನಿನ್ನ ಹಳೇ ಪುಸ್ತಕ ಎಲ್ಲ ಅಲ್ಲೇ ಉಂಟಲ್ಲ ಮಾರಾಯ್ತಿ. ಸಂಜೆ ಹೊತ್ತು ನಂಗೆ ಬೇರೆಂತ ಕೆಲ್ಸ?"

ಮುಂದಿನ ಮಳೆಗಾಲದಲ್ಲಿ ಅವಳು ಜ್ವರ ಬಂದು ಹೋಗಿಬಿಟ್ಟಳು. ನಾನು ತಲುಪುವಾಗ ಎಲ್ಲ ಮುಗಿದಿತ್ತು. ಹಾಗಾಗಿ ನಾನು ಅವಳನ್ನು ಕೊನೆಯದಾಗಿ ಕಂಡದ್ದು ವೇರೂಳಿಗೆ ಹೋದ ಆ ಸಂಜೆ, ನಾಶಿಕ್ ಬಸ್ಸಿನ ಕಿಟಕಿಯಲ್ಲಿ. ಬಸ್ಸು ಹೊರಟಿತು, ನಾನು ಕೈ ಬೀಸಿದೆ. ಅವಳು ನೋಡಲಿಲ್ಲ. ತುಟಿ ಅಲ್ಲಾಡಿಸುತ್ತ ಎದುರಿನ ಅಂಗಡಿಗಳ ಇಂಗ್ಲಿಷ್ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಿದ್ದಳು.